ಮಂದಿ ಎದ್ದು ಹೋಗುವ ರಾಗ

ಕೊಳಲು ಮಾಸ್ತರು ತೀರಿಕೊಂಡ ಎರಡು ದಿನಕ್ಕೆ ಇಂಡಿಯ ಬಸ್ ನಿಲ್ದಾಣದ ಎದುರು ಅವರದೊಂದು ಫ್ಲೆಕ್ಸ್ ಎದ್ದು ನಿಂತಿತು. ಅದನ್ನು ಮಾಡಿದ ಪುಣ್ಯಾತ್ಮ ಮಾಸ್ತರ ಕಪ್ಪು ಕನ್ನಡಕ ಕಿತ್ತುಹಾಕಿ, ಆ ಜಾಗದಲ್ಲಿ ಯಾರದೋ ಎರಡು ಕಣ್ಣು ತಂದು ಕೂಡಿಸಿದ್ದ. ಹುಟ್ಟಿನಿಂದ ಕಣ್ಣಿಲ್ಲದ ಮನುಷ್ಯ ಸತ್ತ ಮೇಲೆ ಬಸ್ಸಿಗೆ ಕಾಯುವವರನ್ನೆಲ್ಲ ಪಿಳಿಪಿಳಿ ನೋಡುವಂತಾಯಿತು. ತಲೆಯ ಹಿಂದೆ ಪ್ರಭಾವಳಿ, ಕಿವಿಯ ಮೇಲೊಂದು ನವಿಲುಗರಿ, ಕೆಳಗೆ ‘ಒಳಗಣ್ಣಿನ ಋಷಿ’ ಎಂಬ ಬಿರುದು. ಅದರ ಕೆಳಗೆ ಶ್ರದ್ಧಾಂಜಲಿ ಸಲ್ಲಿಸುವವರ ಸಾಲು ಮುಖಗಳು. ಸತ್ತವರ ಮುಖಕ್ಕಿಂತ ಅವೇ ದೊಡ್ಡವು.

ಋಷಿಯಂತೆ. ಇವರಷ್ಟು ಸಿಡುಕಿನ, ಇವರಷ್ಟು ಹೊಟ್ಟೆಬಾಕ, ಒಳ್ಳೆಯ ಮಾತೊಂದನ್ನು ಬಾಯಿಂದ ಹೊರಡಿಸಲು ಇವರಷ್ಟು ಕಷ್ಟಪಡುವ ಋಷಿಯನ್ನು ನಾನಂತೂ ಕಂಡಿಲ್ಲ. ಹಾಗೆಂದು ಅವರನ್ನು ಋಷಿ ಮಾಡಿದವರು ಅವರಿಗಿಂತ ಮೇಲೇನೂ ಅಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಎಲ್ಲ ಕಡೆ ಅವರಿಗೆ ಶಾಲು ಹೊದಿಸಿದ ಕೈಗಳನ್ನು ನಾನು ಬಲ್ಲೆ. ಶಾಲಿಗೆ ಮುಂದಾಗುವ ಕೈ ಬಹಳ. ಕೊಳಲಿಗೆ ಕೊಡುವ ಕಿವಿ ಒಂದೂ ಇರಲಿಲ್ಲ.

ನನ್ನದು ಲಿಂಬೆ ಹಣ್ಣಿನ ವ್ಯಾಪಾರ. ಮನೆಯಲ್ಲಿ ಅಜ್ಜನ ಕಾಲದಿಂದ ತಬಲಾ ಇದೆ. ಭಜನೆ ಇರಲಿ, ತತ್ವಪದ ಇರಲಿ, ಮೊಹರಂ ಪದ ಇರಲಿ, ಕರೆದಲ್ಲಿಗೆ ಹೋಗಿ ಬಾರಿಸುವ ಮನೆತನ ನಮ್ಮದು. ಮಾಸ್ತರ ಮನೆ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ. ಅವರ ತಂದೆ ರೇಲ್ವೆಯಲ್ಲಿದ್ದವರು, ನೌಕರಿಯ ಮೇಲೆ ದೂರದ ದಕ್ಷಿಣದ ಊರುಗಳಲ್ಲಿ ಇದ್ದವರು. ಅಲ್ಲಿ ಹುಡುಗ ಕರ್ನಾಟಕ ಪದ್ಧತಿಯ ಕೊಳಲು ಕಲಿತ. ತಂದೆ ಹೋದ ಮೇಲೆ ಇಂಡಿಗೆ ಬಂದು, ಗಂಡ ತೀರಿಕೊಂಡು ತವರಿನಲ್ಲಿದ್ದ ಅಕ್ಕನ ಜೊತೆ ಉಳಿದ. ಒಂದು ಖಾಸಗಿ ಸಾಲೆಯಲ್ಲಿ ಸಂಗೀತದ ಮಾಸ್ತರಿಕೆ ಸಿಕ್ಕಿತು. ಹೀಗೆ ಕರ್ನಾಟಕ ಸಂಗೀತದವನೊಬ್ಬ, ಆ ಸಂಗೀತದ ಗಾಳಿಯೂ ಸುಳಿಯದ ನಮ್ಮ ಸೀಮೆಯಲ್ಲಿ ಬಂದು ಬಿದ್ದ.

ಮೊದಲ ಭೇಟಿ ಇವತ್ತಿಗೂ ನೆನಪಿದೆ. ಗಿರಾಕಿ ಇಲ್ಲದ ಹೊತ್ತು, ನಾನು ಖಾಲಿ ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತ ಕೂತಿದ್ದೆ. ಹೊರಗೆ ಕೋಲಿನ ಸಪ್ಪಳ ನಿಂತಿತು.

“ಯಾರಪಾ ಅಂವಾ, ಆ ಡಬ್ಬಿ ಏನ್ ತಪ್ಪು ಮಾಡೇತಿ ಅಂತ ಬಡಿಯಾಕತ್ತಿ?”

“ತಬಲಾ ನುಡಸ್ತೇನ್ರಿ ನಾ,” ಅಂದೆ.

“ಅದು ತಬಲಾದವರಿಗೆ ಗೊತ್ತೈತೇನು?”

ಇಷ್ಟು ಹೇಳಿ ಒಳಗೆ ಬರಲು ಹೋಗಿ ನಮ್ಮ ಮೆಟ್ಟಿಲು ಎಡವಿದರು. ಎಡವಿದ್ದು ಅವತ್ತೊಂದೇ ದಿನವಲ್ಲ. ಕಣ್ಣಿಲ್ಲದವರಿಗೆ ದೇವರು ಇನ್ನೊಂದು ಇಂದ್ರಿಯ ಕೊಟ್ಟಿರುತ್ತಾನೆ ಎಂದು ಭಾಷಣ ಮಾಡುವವರನ್ನು ನಾನು ಆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಬೇಕು. ಮಾಸ್ತರು ವರ್ಷಾನುಗಟ್ಟಲೆ ಅದನ್ನೇ ಎಡವಿದರು, ಪ್ರತಿ ಸಲವೂ ನನ್ನನ್ನೇ ಬೈದರು. ಕೈ ಹಿಡಿಯಲು ಹೋದರೆ, “ಬಿಡು, ನಾ ಏನ್ ಮದುಮಗಳೇನು?” ಹಿಡಿಯದಿದ್ದರೆ, “ಕುರುಡಾ ಬಿದ್ದು ಸಾಯಲಿ ಅಂತ ಕುಂತೀ ಏನು?”

ಸಾಲೆಯಲ್ಲಿ ಅವರು ಕಲಿಸಿದ್ದಕ್ಕಿಂತ ಓಡಿಸಿದ್ದು ಹೆಚ್ಚು. ಬಹುಮಾನದ ಸಭೆಯಲ್ಲಿ ಊರಿನ ದೊಡ್ಡವರೊಬ್ಬರ ಮೊಮ್ಮಗಳು ಹಾಡಿತು. ಮಾಸ್ತರು ನಾಲ್ಕು ಮಾತು ಹೇಳಬೇಕೆಂದು ಮೈಕು ಕೊಟ್ಟರು. “ಹುಡಗಿ ಓದೂದ್ರಾಗ ಚಲೋ ಐತಿ ಅಂತ ಕೇಳೇನಿ. ಅದನ್ನ ಬಿಡಬಾರದು,” ಎಂದು ಕೂತುಬಿಟ್ಟರು. ಮಗುವಿಗೆ ತಿಳಿಯಲಿಲ್ಲ, ಸದ್ಯ. ಅಜ್ಜನಿಗೆ ತಿಳಿಯಿತು.

ಅಕ್ಕನ ಜೊತೆಗಂತೂ ದಿನಾ ಜಗಳ. ಬೆಳಗ್ಗೆ ಇವರು ಕೊಳಲು ಹಿಡಿಯುವ ಹೊತ್ತಿಗೂ ಆಕೆ ರೊಟ್ಟಿ ಬಡಿಯುವ ಹೊತ್ತಿಗೂ ಸರಿಯಾಗಿ ಕೂಡುತ್ತಿತ್ತು.

“ಅಕ್ಕಾ, ನಿನ್ನ ರೊಟ್ಟಿ ತಾಳ ತಪ್ಪಾಕತ್ತೇತಿ.”

“ನೀ ಊದೂದು ಬಿಡು, ನಾ ಬಡಿಯೂದು ಬಿಡತೇನಿ. ಮಧ್ಯಾಹ್ನ ಗಾಳಿ ಉಣ್ಣು.”

ಆಕೆಯ ಬಾಯಿ ತಮ್ಮನ ಬಾಯಿಗಿಂತ ಒಂದು ತೂಕ ಹೆಚ್ಚು. ಇಲ್ಲದಿದ್ದರೆ ಅಷ್ಟು ವರ್ಷ ಆ ಮನುಷ್ಯನಿಗೆ ಅಡಿಗೆ ಮಾಡಿ ಹಾಕುವುದು ಸಾಧ್ಯವಿರಲಿಲ್ಲ.

ಇನ್ನು ನಮ್ಮ ಮಂದಿಯ ವಿಷಯ. ನಮ್ಮ ಕಡೆ ಕಣ್ಣಿಲ್ಲದ ಮಕ್ಕಳು ಆಶ್ರಮಗಳಲ್ಲಿ ಸಂಗೀತ ಕಲಿತು, ಸನ್ಯಾಸಿಗಳ ಹಾಗೆ ಬದುಕಿ, ಊರೂರು ಹಾಡುತ್ತ ಹೋಗುವ ದೊಡ್ಡ ರೂಢಿ ಇದೆ. ಅವರ ಮೇಲೆ ನಮಗೆ ಭಕ್ತಿಯೂ ಇದೆ, ಇರಬೇಕಾದದ್ದೇ. ಆದರೆ ನಮ್ಮವರ ತಲೆಯಲ್ಲಿ ಕುರುಡ ಮತ್ತು ಸಂಗೀತ ಎರಡೂ ಕೂಡಿದರೆ ಅದು ಆಶ್ರಮವೇ, ಅದು ಸನ್ಯಾಸಿಯೇ. ಮಾಸ್ತರು ಹೋದಲ್ಲೆಲ್ಲ ಮೊದಲ ಪ್ರಶ್ನೆ, “ಗವಾಯಿಗಳು ಯಾವ ಆಶ್ರಮದವ್ರರಿ?” ಎರಡನೆಯದು ಪ್ರಶ್ನೆಯಲ್ಲ, ಕಾಲಿಗೆ ಬೀಳುವುದು.

“ಕಾಲ ಬಿಡ್ರಿ, ಕಚಗುಳಿ ಆಗತೈತಿ,” ಎನ್ನುತ್ತಿದ್ದರು ಮಾಸ್ತರು. ಅದನ್ನೂ ಮಂದಿ ವಿನಯವೆಂದು ತಿಳಿದು ಇನ್ನೊಮ್ಮೆ ಬೀಳುತ್ತಿದ್ದರು.

ಕೊಲ್ಹಾರದಲ್ಲಿ ಒಮ್ಮೆ ಅವರನ್ನು ಕರೆದೊಯ್ದು ಕೃಷ್ಣೆಯ ಹಿನ್ನೀರಿನ ದಂಡೆಗೆ ನಿಲ್ಲಿಸಿ, ಸಂಘಟಕರೊಬ್ಬರು ಕೈಮುಗಿದು ಕೇಳಿದರು: “ನಿಮ್ಮ ಒಳಗಣ್ಣಿಗೆ ಇದೆಲ್ಲ ಹೆಂಗ ಕಾಣತೈತ್ರಿ, ಗುರುಗಳ?”

“ಹಸಿ ಕಾಣತೈತಿ,” ಅಂದರು ಮಾಸ್ತರು.

ಆ ಗೃಹಸ್ಥ ಈ ಮಾತನ್ನು ಸಂಜೆಯ ಭಾಷಣದಲ್ಲಿ ಮಹಾವಾಕ್ಯದಂತೆ ಹೇಳಿ ಅರ್ಥವನ್ನೂ ಬಿಡಿಸಿದ. ಹಸಿ ಎಂದರೆ ಕರುಣೆಯಂತೆ. ನಾನು ತಬಲಾ ಸುತ್ತಿಗೆ ಹಿಡಿದು ನೆಲ ನೋಡುತ್ತ ಕೂತೆ.

ನಾನು ಅವರ ಜೊತೆ ಹೋಗಲು ಕಾರಣ ಇಷ್ಟೇ: ಸುತ್ತ ಎಲ್ಲಿಯೂ ಮೃದಂಗ ಬಾರಿಸುವವರಿಲ್ಲ. ಇದ್ದದ್ದು ನಾನು, ನನ್ನ ತಬಲಾ, ನನ್ನ ಲಿಂಬೆಯ ಟೆಂಪೊ. “ಸಾಬಾ, ಕುದರಿ ಸಿಗಲಿಲ್ಲ ಅಂತ ಕತ್ತಿ ಹೂಡೇನಿ,” ಎಂದು ಎದುರಿಗೇ ಹೇಳುತ್ತಿದ್ದರು. ನನ್ನ ಠೇಕಾ ಅವರಿಗೆ ಟಾಂಗಾ ಓಡಿದ ಹಾಗೆ ಕೇಳುತ್ತಿತ್ತಂತೆ. ಅವರ ಆದಿತಾಳದ ನಡಿಗೆಯನ್ನು ಅಂಗಡಿಯಲ್ಲಿ ಲಿಂಬೆ ಪೆಟ್ಟಿಗೆಯ ಮೇಲೆ ಬಡಿಸಿ ಬಡಿಸಿ ಕಲಿಸಿದರು. ಶಹಬ್ಬಾಸ್ ಎಂಬ ಶಬ್ದ ಅವರ ಕೋಶದಲ್ಲಿರಲಿಲ್ಲ. ಬೈಗುಳ ನಿಂತಿತೆಂದರೆ ಕೈ ಸರಿಯಾಗಿದೆ ಎಂದು ನಾನೇ ತಿಳಿಯಬೇಕು.

ಇಷ್ಟೆಲ್ಲ ಸಹಿಸಿಕೊಂಡದ್ದು ಯಾತಕ್ಕೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಯಾತಕ್ಕೆಂದರೆ ತೋಡಿಗೆ.

ಅವರು ಬೆಳಗ್ಗೆ ಮನೆಯಲ್ಲಿ ನುಡಿಸುತ್ತಿದ್ದ ರಾಗ ಅದು. ಕರ್ನಾಟಕ ಪದ್ಧತಿಯಲ್ಲಿ ತೋಡಿ ಎಂದರೆ ಕಚೇರಿಯ ನಡುಮನೆ. ಅದನ್ನು ಬಿಡಿಸಿ ನುಡಿಸಿದವನೇ ನುಡಿಸಿದವ. ಕೊಳಲಿನಲ್ಲಂತೂ ಅದು ಕಠಿಣ, ತೂತಿನ ಮೇಲೆ ಬೆರಳನ್ನು ಅರೆಬರೆ ಸರಿಸುತ್ತ ಒಂದೊಂದು ಸ್ವರವನ್ನೂ ತೂಗಬೇಕು. ನನಗೆ ಆ ಶಾಸ್ತ್ರ ಗೊತ್ತಿಲ್ಲ. ಅಂಗಡಿಯ ಬಾಗಿಲು ತೆರೆಯುವಾಗ ಹಿಂದಿನ ಓಣಿಯಿಂದ ಅದು ಬರುತ್ತಿತ್ತು, ಬಂದಾಗ ನಾನು ಬಾಗಿಲನ್ನು ಅರ್ಧಕ್ಕೇ ಬಿಟ್ಟು ನಿಲ್ಲುತ್ತಿದ್ದೆ. ಅಷ್ಟು ಹೊಲಸು ಬಾಯಿಯಿಂದ ಅಂಥ ಉಸಿರು ಹೇಗೆ ಹೊರಡುತ್ತದೆ ಎಂದು ಸಿಟ್ಟೂ ಬರುತ್ತಿತ್ತು.

ಮಾಸ್ತರಿಗೆ ಇದ್ದದ್ದು ಒಂದೇ ಆಸೆ. ಈ ಜಿಲ್ಲೆಯಲ್ಲಿ, ಮಂದಿಯ ಮುಂದೆ, ತೋಡಿಯನ್ನು ಮೊದಲಿಂದ ಕಡೆಯತನಕ ಒಮ್ಮೆ ನುಡಿಸಬೇಕು. ಆಲಾಪನೆ, ಅದರ ಹಿಂದೆ ಕೃತಿ, ಸ್ವರ, ಎಲ್ಲ ಮುಗಿಯುವತನಕ ಮಂದಿ ಕೂತಿರಬೇಕು. ಇದೇನು ದೊಡ್ಡ ಆಸೆ ಎನ್ನಬಹುದು. ನಮ್ಮ ಸೀಮೆಯಲ್ಲಿ ಇದು ಆಗದ ಮಾತು, ಅದರ ಕಾರಣ ಹೇಳುತ್ತೇನೆ.

ನಮ್ಮವರದು ಹಿಂದೂಸ್ತಾನಿ ಕಿವಿ. ಇಲ್ಲಿ ಬೆಳತನಕ ಹಾಡಿದರೂ ಕೊನೆಗೆ ಹಾಡುವುದು ಭೈರವಿ. ಭೈರವಿಯ ಸ್ವರ ಕಿವಿಗೆ ಬಿತ್ತೆಂದರೆ ಮುಗಿಯಿತು, ಇನ್ನು ಹೊದ್ದದ್ದು ಮಡಚಿ, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಏಳುವುದೇ. ಯಾರೂ ಕಲಿಸಿದ್ದಲ್ಲ ಇದು, ಮೊಣಕಾಲಿಗೇ ಗೊತ್ತು. ಮಾಸ್ತರ ದುರ್ದೈವ ನೋಡಿ, ಅವರ ತೋಡಿಗೂ ನಮ್ಮ ಭೈರವಿಗೂ ಸ್ವರಗಳು ಅವೇ. ನಡಿಗೆ ಬೇರೆ, ತೂಗು ಬೇರೆ, ಜೀವವೇ ಬೇರೆ, ಆದರೆ ಸ್ವರದ ಮನೆಗಳು ಅವೇ. ಮಾಸ್ತರು ಹಬ್ಬದೂಟಕ್ಕೆ ಎಲೆ ಹಾಕಿದರೆ ನಮ್ಮ ಮಂದಿಗೆ ಕೈತೊಳೆಯಲು ನೀರು ಕೊಟ್ಟ ಹಾಗೆ ಕೇಳುತ್ತದೆ.

ಮೊದಲ ಸಲ ಇದು ಆದದ್ದು ಸಿಂದಗಿಯಲ್ಲಿ. ತೋಡಿ ಶುರುವಾಯಿತು, ಇನ್ನೂ ಮೇಲಿನ ಷಡ್ಜಕ್ಕೆ ಹೋಗಿಲ್ಲ, ಮಂದಿ ಎದ್ದು ಚಪ್ಪಲಿ ಹುಡುಕಲು ಹತ್ತಿದರು. ಭಕ್ತಿಯಿಂದಲೇ, ಕೈಮುಗಿದುಕೊಂಡೇ.

“ಸಾಬಾ, ಮಳಿ ಬಂತೇನು?”

“ಇಲ್ರಿ, ಮಂದಿ ಹೊಂಟಾರ. ಭೈರವಿ ಅಂತ ತಿಳದಾರ.”

ಅವತ್ತು ಟೆಂಪೊದಲ್ಲಿ ಇಂಡಿ ಮುಟ್ಟುವತನಕ ಅವರು ಸಿಂದಗಿಯ ಒಬ್ಬೊಬ್ಬರ ವಂಶವನ್ನೂ ಬೈದರು. ನಂತರ ಬಾಗೇವಾಡಿಯಲ್ಲಿ ಮಂದಿಯನ್ನು ಕಡೆಯತನಕ ಕೂಡಿಸುವ ಭರವಸೆ ಸಿಕ್ಕಿತ್ತು. ಅಲ್ಲಿ ಸಂಘಟಕರೇ ಮುಗಿಯಿತೆಂದು ತಿಳಿದು, ಆಲಾಪನೆಯ ನಡುವೆ ಹಿಂದಿನಿಂದ ಬಂದು ತಲೆಗೆ ಪೇಟ ಇಟ್ಟರು. ಕಣ್ಣಿದ್ದವನಿಗೆ ಪೇಟ ಬರುವುದು ಕಾಣುತ್ತದೆ. ಮಾಸ್ತರಿಗೆ ಕಾಣಲಿಲ್ಲ. ಬೆಚ್ಚಿಬಿದ್ದರು, ಕೊಳಲು ತುಟಿಗೆ ಬಡಿದು ರಕ್ತ ಬಂತು. ಚಪ್ಪಾಳೆ ಬಿತ್ತು. ಫೋಟೊದವನು, “ಸ್ವಲ್ಪ ನಗ್ರಿ ಗವಾಯಿಗಳ,” ಅಂದ.

ಅಲ್ಲಿಂದ ಅವರು ಸಭೆಯಲ್ಲಿ ತೋಡಿ ಮುಟ್ಟುವುದನ್ನೇ ಬಿಟ್ಟರು. ಸಣ್ಣಪುಟ್ಟ ರಾಗ, ತುಂಡು ಕೃತಿ ನುಡಿಸಿ, ಶಾಲು ಹೊದ್ದು, ಹೋಳಿಗೆ ಉಂಡು ಬರುವುದು. ಯಾರಾದರೂ ಚೀಟಿ ಕಳಿಸಿ, ಎಲ್ಲ ಭಜನೆ ಮಂಡಳಿಯವರೂ ಹಾಡುವ ಒಂದು ಕೃಷ್ಣನ ಭಜನೆ ನುಡಿಸಿರಿ ಎಂದರೆ ಮಾತ್ರ ಉರಿದು ಬೀಳುತ್ತಿದ್ದರು. “ಅದನ್ನ ಬ್ಯಾಂಡಿನವರಿಗೆ ಹೇಳ್ರಿ. ಮದವ್ಯಾಗ ಅವರು ಚಲೋ ಬಾರಸ್ತಾರ.”

ಹೀಗಿರುವಾಗ ಅವರ ಮುಂದಿನ ಹಲ್ಲುಗಳು ಅಲುಗಾಡಲು ಹತ್ತಿದವು. ಹಲ್ಲಿನ ಡಾಕ್ಟರು, ಎಲ್ಲ ತೆಗೆಯಬೇಕು ಅಂದ. ಹಾಡುವವನಿಗೆ ಹಲ್ಲು ಹೋದರೆ ಮಾತು ಸ್ವಲ್ಪ ತೊದಲೀತು. ಕೊಳಲಿನವನಿಗೆ ಮುಂದಿನ ಹಲ್ಲು ಹೋದರೆ ತುಟಿಗೆ ಆಸರೆಯೇ ಹೋಯಿತು, ಊದಿದ್ದು ಬರಿಯ ಗಾಳಿ. ಕಟ್ಟಿಸಿದ ಹಲ್ಲಿನಿಂದ ಅದು ಮರಳಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅದೇ ದಿನಗಳಲ್ಲಿ ಮುದ್ದೇಬಿಹಾಳದ ಒಂದು ಸಾಂಸ್ಕೃತಿಕ ಸಂಘದ ಅಧ್ಯಕ್ಷರು ಸನ್ಮಾನ ಮಾಡುತ್ತೇವೆಂದು ಬಂದರು. ಬಿಳಿ ಅಂಗಿ, ಎರಡು ಮೊಬೈಲು, ಬಾಯಿತುಂಬ ‘ಪೂಜ್ಯರ’. ಮಾಸ್ತರು ಶರತ್ತು ಹಾಕಿದರು.

“ತೋಡಿ ನುಡಸ್ತೇನಿ. ಮುಗಿಯೂತನಕ ಒಬ್ಬರೂ ಏಳಬಾರದು. ಆಗತೈತೇನು?”

“ಅಯ್ಯ, ಏಳತಾರೇನ್ರಿ ಪೂಜ್ಯರ? ನೀವು ಏನರ ನುಡಸ್ರಿ, ನಮಗ ಅದು ಅಮೃತ.”

“ಅಮೃತ ಬ್ಯಾಡ. ತೋಡಿ. ಅದು ಭೈರವಿ ಅಲ್ಲ ಅಂತ ಮೊದಲ ನೀವು ತಿಳಕೋರಿ.”

“ತಿಳೀತ್ರಿ,” ಅಂದರು ಅಧ್ಯಕ್ಷರು, ಬಂದ ಫೋನಿಗೆ ಇನ್ನೊಂದು ಕಿವಿ ಕೊಟ್ಟು.

ಅಲ್ಲಿಂದ ಅಂಗಡಿಯಲ್ಲಿ ದಿನಾ ತಾಲೀಮು. ಅಕ್ಕ ಓಣಿಯ ತುದಿಯಿಂದ, “ಇನ್ನಾ ಮುಗೀಲಿಲ್ಲೇನ್ರೋ ನಿಮ್ಮದು,” ಎಂದು ಒದರುವತನಕ. ಕೃತಿ ಎಲ್ಲಿ ಎತ್ತುತ್ತಾರೆ, ನಾನು ಎಲ್ಲಿ ಕೂಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲ ಕೂಡಿತು. ಹೊರಡುವ ಹಿಂದಿನ ದಿನ ಬೈಗುಳ ಪೂರ್ತಿ ನಿಂತಿತ್ತು. ಹಲ್ಲು ತೆಗೆಸುವುದು ಕಾರ್ಯಕ್ರಮದ ಮರುದಿನಕ್ಕೆ ನಿಗದಿಯಾಗಿತ್ತು.

ಮುದ್ದೇಬಿಹಾಳದಲ್ಲಿ ಬೆಳಗಿನ ಕಾರ್ಯಕ್ರಮ, ಮಧ್ಯಾಹ್ನಕ್ಕೆ ಊಟ. ಮಂಗಲ ಕಾರ್ಯಾಲಯ ತುಂಬಿತ್ತು. ಭಾಷಣಗಳು ಆದವು. ಒಬ್ಬ ಅತ್ತ, ಯಾಕೆ ಅತ್ತ ಎಂಬುದು ಅವನಿಗೇ ಗೊತ್ತು. ಮಾಸ್ತರು ಎರಡು ಚಿಕ್ಕ ಕೃತಿ ನುಡಿಸಿದರು. ಆಮೇಲೆ ಕೊಳಲು ಒರೆಸಿ, ನನ್ನ ಕಡೆ ಮುಖ ತಿರುಗಿಸಿ, “ಹ್ಞೂಂ,” ಅಂದರು. ತೋಡಿ ಎತ್ತಿದರು.

ಹಾಗೆ ಅವರು ನುಡಿಸಿದ್ದನ್ನು ನಾನು ಓಣಿಯ ಬಾಗಿಲಲ್ಲಿಯೂ ಕೇಳಿರಲಿಲ್ಲ. ಗಾಂಧಾರವನ್ನು ಹಿಡಿದು ಬಿಡದೆ, ಅದರ ಸುತ್ತಲೇ ಸುತ್ತಿ, ಇಳಿದು, ಮತ್ತೆ ಅದಕ್ಕೇ ಬಂದರು. ಅಲುಗಾಡುವ ಹಲ್ಲಿನ ಮೇಲೆ ತುಟಿ ಒತ್ತಿದ್ದರಿಂದ ನೋವಿಗೆ ಕಪಾಳ ಬಿಗಿದಿತ್ತು, ಸ್ವರದಲ್ಲಿ ಆ ನೋವು ಕಾಣಲಿಲ್ಲ. ಆಲಾಪನೆಯಲ್ಲಿ ನನಗೆ ಕೆಲಸವಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಕೃತಿಗೆ ಕಾಯುತ್ತಿದ್ದೆ.

ನಡುವಿನ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು: “ಭೈರವಿ ಹಿಡದ್ರು. ನಡೀ, ಪಂಕ್ತಿ ಸಿಗತೈತಿ.”

ಒಂದು ಕುರ್ಚಿ ಸರಿಯಿತು. ಆಮೇಲೆ ಒಂದು ಸಾಲು ಸರಿಯಿತು. ಸ್ಟೀಲಿನ ಕುರ್ಚಿಗಳು ಫರಸಿಯ ಮೇಲೆ ಎಳೆದಾಡುವ ಸಪ್ಪಳ ಎಂಥದೆಂದು ಗೊತ್ತಲ್ಲ. ಅಧ್ಯಕ್ಷರ ಕಡೆ ನೋಡಿದೆ. ಶರತ್ತಿಗೆ ಒಪ್ಪಿದ ಆ ಮಹಾನುಭಾವರು ತಾವೇ ಎದ್ದು, ಇನ್ನೊಂದು ಮೈಕು ಹಿಡಿದು, ಮೆಲ್ಲಗೆ, ಬಹಳ ಭಕ್ತಿಯಿಂದ ಹೇಳುತ್ತಿದ್ದರು: “ಪೂಜ್ಯರು ಮಂಗಳ ನುಡಸಾಕತ್ತಾರ. ದಯಮಾಡಿ ಎಲ್ಲಾರೂ ಪ್ರಸಾದ ತಗೊಂಡ ಹೋಗಬೇಕು.”

ಕೊಳಲು ನಿಂತಿತು.

ನಾನು ಬಗ್ಗಿ ಅವರ ಕಿವಿಯಲ್ಲಿ ಅಂದೆ, “ನುಡಸ್ರಿ ಮಾಸ್ತರ. ಹೋಗಲಿ ಅವರು. ನಾ ಅದೇನಿ.”

“ನೀ ಇದ್ದು ಏನ್ ಮಾಡ್ಲಿ?” ಅಂದರು.

ಕುರ್ಚಿಗಳ ಸಪ್ಪಳದ ಕಡೆ ಕಿವಿ ಹಚ್ಚಿದರು. ಆಮೇಲೆ ಕೊಳಲು ಎತ್ತಿ ಆ ಕೃಷ್ಣನ ಭಜನೆ ಹಿಡಿದರು. ಬ್ಯಾಂಡಿನವರಿಗೆ ಹೇಳಿರಿ ಎನ್ನುತ್ತಿದ್ದರಲ್ಲ, ಅದನ್ನೇ.

ಬಾಗಿಲಿಗೆ ಹೋದವರು ತಿರುಗಿದರು. ಕುರ್ಚಿಗಳು ಮತ್ತೆ ಸರಿದವು. ಹೆಂಗಸರು ಗುನುಗಿದರು, ಗಂಡಸರು ತಾಳ ಹಾಕಿದರು, ಅದೂ ತಪ್ಪು ತಾಳ. ನನ್ನ ಕೈ ಹಳೆಯ ಟಾಂಗಾ ಠೇಕಾ ಹಾಕಿತು, ಅದಕ್ಕೆ ತಾಲೀಮು ಬೇಕಿರಲಿಲ್ಲ. ಅದು ಮುಗಿದ ಮೇಲೆ ಇನ್ನೊಂದು ಕೇಳಿದರು, ಅದನ್ನೂ ನುಡಿಸಿದರು. ಸಿನಿಮಾದ ಧಾಟಿಯದೊಂದು ಕೇಳಿದರು, ಅದನ್ನೂ. ಎಲ್ಲರ ಮೊಬೈಲುಗಳು ಮೇಲೆದ್ದವು. ಮಂದಿ ಕಣ್ಣೊರೆಸಿಕೊಂಡಿತು. ಅಧ್ಯಕ್ಷರು ಶಾಲು ಹೊದಿಸುವಾಗ ಮಾಸ್ತರು ತಲೆ ಬಗ್ಗಿಸಿ ಕೊಟ್ಟರು. ಅಂಥ ಮೆತ್ತನೆಯ ಕುತ್ತಿಗೆ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವರು ಹೋಳಿಗೆಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿಕೊಂಡು, ಹೋದ ಬಂದವರ ಹೊಗಳಿಕೆಗೆ ತಲೆ ಆಡಿಸುತ್ತ, ಸಂತೋಷದಿಂದ ಉಂಡರು. ಹೌದು, ಸಂತೋಷದಿಂದ. ಅದನ್ನೇ ನನಗೆ ತಡೆಯಲು ಆಗಲಿಲ್ಲ. ಅಧ್ಯಕ್ಷನಂಥವರ ಮೇಲೆ ಸಿಟ್ಟು ಬರುವುದಿಲ್ಲ, ಅವರು ಹಾಗೇ ಹುಟ್ಟಿರುತ್ತಾರೆ. ಜೀವಮಾನವಿಡೀ ಇಡೀ ಜಿಲ್ಲೆಯನ್ನು ಉಗಿಯುತ್ತ ಬಂದ ಮನುಷ್ಯ, ಉಗಿದ ಕಡೆಗೇ ಕೈ ಚಾಚಿದ. ಕತ್ತೆಯೆಂದು ಕರೆಸಿಕೊಂಡವನು ನಾನು. ನನಗೆ ಅವತ್ತು ನನಗಿಂತ ಅವರೇ ಸಣ್ಣವರಾಗಿ ಕಂಡರು.

ಬಾಗೇವಾಡಿ ದಾಟುವತನಕ ನಾನು ಟೆಂಪೊದ ಗೇರನ್ನು ಎಳೆದೆಳೆದು ಹಾಕುತ್ತ ಬಂದೆ.

“ಸಿಟ್ಟಿಗೆದ್ದೀ ಏನೋ ಸಾಬಾ?”

“ನಾ ಯಾಕ ಸಿಟ್ಟಾಗಲ್ರಿ.”

“ಗೇರು ಹಾಕೂದ್ರಾಗ ಕೇಳತೈತಿ.” ಶಾಲನ್ನು ಹೆಗಲಿಗೆ ಎಳೆದುಕೊಂಡು ಅಂದರು, “ಅಂಜಿಕಿ ಬಂತಪಾ.”

“ಮಂದಿ ಹೋದ್ರ ಅಂಜಿಕಿ ಯಾಕ್ರಿ? ಸಿಂದಗ್ಯಾಗೂ ಹೋಗಿದ್ರಲ್ಲ.”

“ಸಿಂದಗ್ಯಾಗ ಮತ್ತೊಮ್ಮೆ ನುಡಿಸಿದ್ರಾತು ಅನ್ನೂದಿತ್ತು. ನಿನಗ ಕಣ್ಣ ಅದಾವ. ಮಂದಿ ಹೋದ್ರೂ ನಿನಗ ಗ್ವಾಡಿ ಕಾಣತಾವ, ಕುರ್ಚಿ ಕಾಣತಾವ, ಸಭಾ ಅಲ್ಲೇ ಇರತೈತಿ. ನನಗ ಅವರ ಸಪ್ಪಳ ಹೋತಂದ್ರ ಏನೂ ಇಲ್ಲ. ಬಾವ್ಯಾಗ ಕುಂತು ಊದಿದಂಗ. ನಾಳೆ ಹಲ್ಲ ಕೀಳತಾರ. ಬಾವ್ಯಾಗ ಕುಂತು ಮುಗಸೂದು ಆಗಲಿಲ್ಲ ನನಗ.”

ಮಾತು ಖರೆ ಇರಬಹುದು. ಕನಿಕರ ಬಂತೇ ಎಂದರೆ ಬಂತು. ತಿರಸ್ಕಾರ ಹೋಯಿತೇ ಎಂದರೆ ಹೋಗಲಿಲ್ಲ. ಎರಡೂ ಒಂದೇ ಸೀಟಿನಲ್ಲಿ ಕೂತು ಇಂಡಿಗೆ ಬಂದವು.

ಸಂಜೆಯ ಬಿಸಿಲು ಇನ್ನೂ ಇತ್ತು. ಅಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ನಾನು ಮಾಸ್ತರನ್ನು ಇಳಿಸಿದೆ. ಹೆಗಲ ಮೇಲಿನ ಶಾಲನ್ನು ಆಕೆ ನೋಡಿದರು, ತಮ್ಮನ ಮುಖ ನೋಡಿದರು.

“ನುಡಸಿದೇನೋ ತೋಡಿ?”

“ಹ್ಞೂಂ,” ಅಂದರು ಮಾಸ್ತರು. “ಸಾಬನ್ನ ಕೇಳು.”

ಆಕೆ ನನ್ನ ಕಡೆ ತಿರುಗಿದರು. ನಾನು ಟೆಂಪೊದ ಬಾಗಿಲು ಹಾಕುತ್ತ ಅಂದೆ, “ನುಡಸಿದ್ರಿ ಅಕ್ಕಾರ. ಕಡೀತನಕ. ಒಬ್ಬರೂ ಏಳಲಿಲ್ಲ.”

ಅಕ್ಕ ಮೊರದಲ್ಲಿ ಸಿಕ್ಕ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಒಗೆದರು.

“ಒಬ್ಬರೂ ಏಳಲಿಲ್ಲ ಅಂದ್ರ ತೋಡಿ ನುಡಸಿಲ್ಲ ಬಿಡು,” ಅಂದರು. “ಬರ್ರಿ ಒಳಗ, ಚಹಾ ಇಡತೇನಿ.”